ಕಾಕಂಬಿಯ ವಾಸನೆ

ನಿವೃತ್ತ ಮೇಷ್ಟರ ಮನೆಗೆ ಬರುವ ಹಳೆಯ ವಿದ್ಯಾರ್ಥಿಗಳು ಸಾಮಾನ್ಯವಾಗಿ ಬಾಳೆಹಣ್ಣು ತರುತ್ತಾರೆ. ದೂರದಿಂದ ಬಂದವರು ಒಂದು ಡಬ್ಬಿ ಸಿಹಿ ತಂದಾರು. ಇನ್ನೂ ದೂರದವರು ಪೆನ್ನು ತರುತ್ತಾರೆ. ಕಳೆದ ದೀಪಾವಳಿಯ ಮರುವಾರ ಲಂಡನ್ನಿನಿಂದ ಬಂದ ಶಿಷ್ಯನೊಬ್ಬ, ಕಾಲಿಗೆ ನಮಸ್ಕರಿಸಿ, ಕುಶಲ ವಿಚಾರಿಸಿ, ಕೊನೆಗೆ ಅಳುಕುತ್ತ ಚೀಲದಿಂದ ತೆಗೆದು ಮೇಜಿನ ಮೇಲಿಟ್ಟದ್ದು ಎರಡು ಬಾಟಲಿ ರಮ್!

"ತಪ್ಪು ತಿಳ್ಕೋಬ್ಯಾಡ್ರಿ ಸಾರ್. ಇದು ಕುಡಿಯಾಕಲ್ಲ, ರುಚಿ ನೋಡಾಕ" ಎಂದ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನಮ್ಮ ಮನೆಯಾಕೆ, "ಎಪ್ಪತ್ತು ದಾಟಿದ ಮ್ಯಾಲೆ ನಿಮ್ಮ ಮೇಷ್ಟರಿಗೆ ಹೊಸ ಪಾಠ ಸುರು ಆತು ನೋಡಪ್ಪಾ" ಎಂದು ಒಳಗೆ ಹೋದರು. ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ಹೆಂಡವೆನ್ನುತ್ತದೆ ಲೋಕ. ನಾನಂತೂ ಅಂದು ಮಜ್ಜಿಗೆಯನ್ನು ಕುಡಿಯಲಿಲ್ಲ. ಆದ್ದರಿಂದ, ಬೇರೆಯವರ ಬಾಯಿಂದ ನಿಮಗೆ ಸುದ್ದಿ ತಲುಪುವ ಮುನ್ನ ನಾನೇ ಬರೆದುಬಿಡುವುದು ಲೇಸೆಂದು ತೋರಿತು. ಬರೆಯಲು ಬೇರೆ ಕಾರಣವೂ ಇದೆ. ಅದನ್ನು ಮುಂದೆ ಹೇಳುತ್ತೇನೆ.

ಎರಡು ಬಾಟಲಿಗಳಲ್ಲಿ ಒಂದು ಕೆರಿಬಿಯನ್ ಸಮುದ್ರದ ಬಾರ್ಬಡೋಸ್ ದ್ವೀಪದ್ದು. ಅದರ ಚೀಟಿಯನ್ನು ಶಿಷ್ಯ ನನಗೆ ಓದಿ ವಿವರಿಸಿದ. ರಮ್ ಎಂಬುದು ಕಬ್ಬಿನ ಕೂಸು. ಕಬ್ಬಿನ ಹಾಲನ್ನು ಕುದಿಸಿ ಸಕ್ಕರೆಯ ಹರಳುಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ಕಪ್ಪಾದ ಮಂದ ಪಾಕವಿದೆಯಲ್ಲ, ಅದೇ ನಮ್ಮ ಕಾಕಂಬಿ. ಅದಕ್ಕೆ ನೀರು ಬೆರೆಸಿ, ಹುಳಿಬರಿಸಿ, ಬಟ್ಟಿ ಇಳಿಸಿದಾಗ ಮೊದಲು ದೊರೆಯುವುದು ನೀರಿನಷ್ಟೇ ತಿಳಿಯಾದ ದ್ರವ. ಅದನ್ನು ಓಕ್ ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಟ್ಟಾಗ ಮರದ ಬಣ್ಣವೂ ಗಂಧವೂ ಅದಕ್ಕೆ ಇಳಿಯುತ್ತವೆ. ಅಮೆರಿಕದವರು ತಮ್ಮ ಬೂರ್ಬನ್ ವಿಸ್ಕಿಯನ್ನು ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲಿಯೇ ಇಡಬೇಕೆಂದು ಅಲ್ಲಿಯ ಕಾನೂನು. ಹೀಗಾಗಿ ಒಮ್ಮೆ ಬಳಸಿದ ಪೀಪಾಯಿ ಬೂರ್ಬನ್ನಿಗೆ ಮತ್ತೆ ಬರುವುದಿಲ್ಲ. ಅಂಥವು ಅಗ್ಗವಾಗಿ ಕೆರಿಬಿಯನ್ ದ್ವೀಪಗಳಿಗೆ ಹೋಗುತ್ತವೆ. ರಮ್ ಮೊದಲು ಮಾಗುವುದು ಅವುಗಳಲ್ಲಿ. ಆಮೇಲೆ ಕೊನೆಯ ಕೆಲವು ತಿಂಗಳೋ ವರ್ಷಗಳೋ ಅದನ್ನು ಇನ್ನೊಂದು ಪೀಪಾಯಿಗೆ ವರ್ಗಾಯಿಸುತ್ತಾರೆ. ಅದು ಸ್ಪೇನಿನ ಶೆರ್ರಿ, ಪೋರ್ಚುಗಲ್ಲಿನ ಪೋರ್ಟ್, ಫ್ರಾನ್ಸಿನ ಕೊನ್ಯಾಕ್ ಇವುಗಳಲ್ಲಿ ಯಾವುದಾದರೊಂದು ಹಿಂದೆ ಇದ್ದಂಥ ಪೀಪಾಯಿ. ಅದರಲ್ಲಿ ಹೀರಿಕೊಂಡು ಉಳಿದಿದ್ದ ಹಳೆಯ ದ್ರಾಕ್ಷಾರಸದ ಗುಣ ರಮ್ಮಿಗೆ ಬರುತ್ತದೆ. ನಮ್ಮ ಮುಂದಿದ್ದದ್ದು ಪೋರ್ಟ್ ಪೀಪಾಯಿಯಲ್ಲಿ ಕೊನೆಗಾಲ ಕಳೆದದ್ದು.

ಇಷ್ಟು ಹೊತ್ತಿಗೆ ಒಳಗಿನಿಂದಲೇ ವ್ಯಾಖ್ಯಾನ ಬಂತು: "ಅದಕ್ಯಾಕ ಅಷ್ಟು ದೂರ ಹೋಗಬೇಕು? ಇಂಗಿನ ಡಬ್ಬ್ಯಾಗ ಏನು ಹಾಕಿದ್ರೂ ಇಂಗು ನಾರತೈತಿ." ಶಿಷ್ಯ ಬೆರಗಾದ. ತಾನು ಹತ್ತು ನಿಮಿಷ ವಿವರಿಸಿದ್ದನ್ನು ಅಮ್ಮನವರು ಒಂದೇ ವಾಕ್ಯದಲ್ಲಿ ಮುಗಿಸಿದರೆಂದ.

ಪೀಪಾಯಿಯಲ್ಲಿಟ್ಟ ಮದ್ಯ ವರ್ಷವರ್ಷವೂ ಸ್ವಲ್ಪ ಆವಿಯಾಗಿ ಹೋಗುತ್ತದೆ. ಅದನ್ನು ದೇವದೂತರ ಪಾಲೆಂದು ಕರೆಯುತ್ತಾರಂತೆ. ತಂಪಾದ ಸ್ಕಾಟ್‌ಲೆಂಡಿನಲ್ಲಿ ಆ ಪಾಲು ವರ್ಷಕ್ಕೆ ಶೇಕಡಾ 2ರಷ್ಟು. ಬೆಂಗಳೂರಿನಲ್ಲಿ ಶೇಕಡಾ 10ನ್ನೂ ಮೀರುತ್ತದೆ. ನಮ್ಮ ಹೊಸಪೇಟೆಯ ಏಪ್ರಿಲ್ ಬಿಸಿಲಿನಲ್ಲಿಟ್ಟರೆ ಮನುಷ್ಯರಿಗೆ ಎಷ್ಟು ಉಳಿದೀತೋ!

ಸರಿ, ಔಷಧ ಕುಡಿಯುವ ಚಮಚದಲ್ಲಿ ಎರಡು ಚಮಚದಷ್ಟನ್ನು ಒಂದು ಗಾಜಿನ ಲೋಟಕ್ಕೆ ಹಾಕಿಸಿಕೊಂಡೆ. ಮೊದಲು ಮೂಗಿನ ಬಳಿ ಹಿಡಿಯಬೇಕು, ಕೂಡಲೇ ಬಾಯಿಗೆ ಹಾಕಬಾರದು ಎಂದು ಶಿಷ್ಯ ಗುರುವಿಗೆ ಕಲಿಸಿದ. ಹಿಡಿದೆ. ಮೊದಲಿಗೆ ಬಲಿತು ಕಪ್ಪಾದ ಬಾಳೆಹಣ್ಣು. ಆಮೇಲೆ ಒಣದ್ರಾಕ್ಷಿ, ಅದು ಪೋರ್ಟ್ ಪೀಪಾಯಿಯದೆಂದ. ಮರದ ಅಡ್ಡೆಯಲ್ಲಿ ಗರಗಸದ ಬಳಿ ಬರುವಂಥ ವಾಸನೆ. ಇವೆಲ್ಲ ಸರಿದ ಮೇಲೆ ತಳದಲ್ಲಿ, ಭಾರವಾದ, ಸಿಹಿಯೂ ಹುಳಿಯೂ ಕಲೆತ ಇನ್ನೊಂದು ವಾಸನೆ. ಅದನ್ನು ಯಾರೂ ನನಗೆ ಹೇಳಿಕೊಡಬೇಕಾಗಿರಲಿಲ್ಲ. ಹೊಸಪೇಟೆಯಲ್ಲಿ ಬೆಳೆದ ನನ್ನ ವಯಸ್ಸಿನ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಅದು ಕಾಕಂಬಿ. ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು: ಚಿತ್ತವಾಡಿಗಿಯ ಐ.ಎಸ್.ಆರ್. ಸಕ್ಕರೆ ಕಾರ್ಖಾನೆ ನುರಿಸುವ ಹಂಗಾಮಿನಲ್ಲಿ ಊರಿಗೆ ಊರೇ ಆ ವಾಸನೆಯಲ್ಲಿ ಮುಳುಗಿರುತ್ತಿತ್ತು. ರಾಯ, ಬಸವ, ಬೆಲ್ಲ, ತುರ್ತಾ ಎಂದು ವಿಜಯನಗರದ ಅರಸರ ಕಾಲದ ಕಾಲುವೆಗಳು ಇಂದಿಗೂ ನೀರು ಹರಿಸುತ್ತಿರುವ ನಾಡು ನಮ್ಮದು; ಹಂಪಿಯ ಗುಡಿಗೋಪುರಗಳ ನಡುವೆಯೂ ಕಬ್ಬು, ಬಾಳೆ ತೂಗಾಡುತ್ತವೆ. ಕಬ್ಬಿನ ಬಂಡಿಗಳ ಸಾಲು ರಸ್ತೆಯುದ್ದಕ್ಕೂ ನಿಂತಿರುತ್ತಿತ್ತು. ಬಂಡಿಯ ಹಿಂದಿನಿಂದ ಗಳ ಎಳೆಯದ ಹುಡುಗ ನನ್ನ ತರಗತಿಯಲ್ಲಿ ಒಬ್ಬನೂ ಇದ್ದಿರಲಾರ. ಆ ಕಾರ್ಖಾನೆ ನಿಂತು ಈಗ ವರ್ಷಗಳೇ ಆದವು. ಬೆಳೆದ ಕಬ್ಬು ಲಾರಿಯೇರಿ ಬೇರೆ ಜಿಲ್ಲೆಗಳಿಗೆ ಹೋಗುತ್ತದೆ. ಆ ವಾಸನೆಯನ್ನು ನಾನು ಮರೆತೇಬಿಟ್ಟಿದ್ದೆ ಎಂದುಕೊಂಡಿದ್ದೆ. ಮೂಗು ಮರೆತಿರಲಿಲ್ಲ. ವಾಸನೆಯ ಹಿಂದೆಯೇ ಒಬ್ಬ ಹುಡುಗನೂ ಬಂದು ನಿಂತ.

1978ರ ಸುಮಾರು. ಕಾಲುವೆಯಂಚಿನ ಹಳ್ಳಿಯೊಂದರಿಂದ ನಡೆದು ಬರುತ್ತಿದ್ದ ಒಂಬತ್ತನೆಯ ತರಗತಿಯ ಹುಡುಗ. ಹೆಸರು ಬೇಡ. ಲೆಕ್ಕದಲ್ಲಿ ಚುರುಕು, ಮಾತು ಕಡಿಮೆ. ಹಂಗಾಮಿನ ಒಂದು ಬೆಳಿಗ್ಗೆ ತಡವಾಗಿ ಬಂದು ಬಾಗಿಲಲ್ಲಿ ನಿಂತ. ಹತ್ತಿರ ಬಂದಾಗ ಅವನ ಅಂಗಿಯಿಂದ ಹುಳಿವಾಸನೆ ಹೊಡೆಯಿತು. ಅವನ ತಂದೆ ಕುಡಿಯುತ್ತಾನೆಂದು ಎಲ್ಲೋ ಕೇಳಿದ್ದೆ. ಬಂಧುಗಳಿಗೆ ತಿಳಿದಿರುವಂತೆ, ನಮ್ಮ ದೊಡ್ಡಪ್ಪನ ಮಗನನ್ನು ಸಾರಾಯಿ ನುಂಗಿ ಆಗ ಇನ್ನೂ ಎರಡು ವರ್ಷವಾಗಿರಲಿಲ್ಲ. ಆ ವಾಸನೆ ಬಂದರೆ ನನ್ನ ಮೈ ಉರಿಯುತ್ತಿದ್ದ ಕಾಲ. "ಸಾರಾಯಿ ಕುಡಿದು ಸಾಲಿಗೆ ಬರ್ತೀಯೇನೋ? ನಡಿ ಹೊರಗ. ನಿಮ್ಮಪ್ಪನ್ನ ಕರಕೊಂಡು ಬಾ" ಎಂದೆ. ಹುಡುಗರು ನಕ್ಕರು. ಅವನು, "ಇಲ್ರಿ ಸಾರ್, ಎತ್ತಿಗೆ..." ಎಂದ. ಮುಂದಿನ ಮಾತನ್ನು ನಾನು ಆಡಗೊಡಲಿಲ್ಲ.

ಮರುದಿನ ಅವನು ಬರಲಿಲ್ಲ; ಆಮೇಲೂ ಬರಲಿಲ್ಲ. ಎರಡು ವಾರದ ತರುವಾಯ ಅವನೂರಿನ ಇನ್ನೊಬ್ಬ ಹುಡುಗನಿಂದ ತಿಳಿಯಿತು: ಬಂಡಿ ಎಳೆಯುವ ಎತ್ತುಗಳ ಮೇವಿಗೆ ಬೆರೆಸಲೆಂದು ಅವನು ನಸುಕಿನಲ್ಲಿ ತಗಡಿನ ಡಬ್ಬಿಯಲ್ಲಿ ಕಾಕಂಬಿ ಹೊತ್ತು ತಂದಿದ್ದ. ಡಬ್ಬಿ ಸೋರಿ ಹೆಗಲ ಮೇಲೆಲ್ಲ ಇಳಿದಿತ್ತು. ಇದ್ದದ್ದು ಒಂದೇ ಅಂಗಿ. ಇಷ್ಟು ತಿಳಿದ ಮೇಲೂ ನಾನು ಅವನ ಮನೆಗೆ ಹೋಗಲಿಲ್ಲ. ನಾಳೆ ಹೋದರಾಯಿತೆಂದುಕೊಂಡೆ. ಅಷ್ಟರಲ್ಲಿ ಅವರ ಮನೆಯವರೆಲ್ಲ ಕಬ್ಬು ಕಡಿಯಲು ಬೇರೆ ಸೀಮೆಗೆ ಹೋದರೆಂದು ಸುದ್ದಿ ಬಂತು.

ಲೋಟವನ್ನು ಕೆಳಗಿಟ್ಟು ಸುಮ್ಮನೆ ಕುಳಿತೆ. ಶಿಷ್ಯ, "ಯಾಕ್ರಿ ಸಾರ್, ಖಾರ ಆತೇನು?" ಎಂದ. ಹೌದೆಂದೆ.

ಆಮೇಲೆ ರುಚಿಯನ್ನೂ ನೋಡಿದೆ. ನಾಲಿಗೆಯ ಮೇಲೆ ಉರಿ, ಉರಿಯ ಹಿಂದೆ ಬೆಲ್ಲ, ಕೊನೆಯಲ್ಲಿ ಚಹದ ಸೊಪ್ಪಿನ ಒಗರು. ಚೆನ್ನಾಗಿಲ್ಲವೆಂದರೆ ಸುಳ್ಳಾಗುತ್ತದೆ. ಚೆನ್ನಾಗಿತ್ತು.

ಎರಡನೆಯ ಬಾಟಲಿ ನಮ್ಮ ಬೆಂಗಳೂರಿನದೇ. 1948ರಲ್ಲಿ ಸ್ಥಾಪನೆಯಾದ ಅಮೃತ್ ಡಿಸ್ಟಿಲರೀಸ್ 2013ರಲ್ಲಿ ಹೊರತಂದ ಟೂ ಇಂಡೀಸ್ ಎಂಬ ರಮ್. ಜಮೈಕ, ಬಾರ್ಬಡೋಸ್, ಗಯಾನಾಗಳ ರಮ್ಮಿಗೆ ನಮ್ಮ ಬೆಲ್ಲದಿಂದ ಇಳಿಸಿದ ರಮ್ಮನ್ನು ಬೆರೆಸಿದ್ದಾರೆ. ಅದೇ ಸಂಸ್ಥೆ 2025ರಲ್ಲಿ ಬರಿಯ ಬೆಲ್ಲದ ರಮ್ಮನ್ನು ಬೂರ್ಬನ್ ಪೀಪಾಯಿಗಳಲ್ಲಿ ಆರು ವರ್ಷ ಮಾಗಿಸಿ ಹೊರತಂದು, ಅದಕ್ಕೆ 'ಬೆಲ್ಲ' ಎಂಬ ನಮ್ಮ ಮಾತನ್ನೇ ಹೆಸರಾಗಿಟ್ಟಿದೆ. ಹೊಸತೆಂದು ಹಿಗ್ಗಬೇಕಾಗಿಲ್ಲ. ಮನುಸ್ಮೃತಿ ಸುರೆಯ ಮೂರು ಬಗೆಗಳನ್ನು ಹೇಳುವಾಗ ಮೊದಲು ಹೆಸರಿಸುವುದು ಗೌಡಿಯನ್ನು. ಎಂದರೆ ಗುಡದಿಂದ, ಬೆಲ್ಲದಿಂದ ಆದದ್ದನ್ನು.

ಎರಡು ಇಂಡೀಸ್ ಎಂಬ ಹೆಸರು ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಕಬ್ಬಿನಿಂದ ಸಕ್ಕರೆ ತೆಗೆಯುವ ವಿದ್ಯೆ ನಮ್ಮ ದೇಶದ್ದು. ಸಕ್ಕರೆಗೆ ಜಗತ್ತಿನ ಭಾಷೆಗಳಲ್ಲಿರುವ ಹೆಸರುಗಳೆಲ್ಲ ಬಹುಮಟ್ಟಿಗೆ ನಮ್ಮ ಶರ್ಕರಾ ಶಬ್ದದ ಮಕ್ಕಳು. ಅರಬರ ಕೈಯಿಂದ ಮೆಡಿಟರೇನಿಯನ್ ತೀರಕ್ಕೆ ಹೋದ ಕಬ್ಬನ್ನು ಕೊಲಂಬಸ್ 1493ರಲ್ಲಿ ತನ್ನ ಎರಡನೆಯ ಯಾನದಲ್ಲಿ ಕೆರಿಬಿಯನ್ ದ್ವೀಪಗಳಿಗೆ ಒಯ್ದ. ಬಾರ್ಬಡೋಸಿನಲ್ಲಿ ಇಂಗ್ಲಿಷರು ನೆಲೆಸಿದ್ದು 1627ರಲ್ಲಿ. ಆಫ್ರಿಕದಿಂದ ಹಿಡಿದು ತಂದ ಗುಲಾಮರ ಬೆನ್ನಿನ ಮೇಲೆ ಅಲ್ಲಿ ಸಕ್ಕರೆಯೂ ರಮ್ಮೂ ಬೆಳೆದವು. 1838ರಲ್ಲಿ ಗುಲಾಮಗಿರಿ ಪೂರ್ತಿಯಾಗಿ ಕೊನೆಗೊಂಡಿತು. ಅದೇ ವರ್ಷ ಕಬ್ಬಿನ ಗದ್ದೆಗಳಲ್ಲಿ ದುಡಿಯಲು ಕರಾರು ಬರೆಸಿಕೊಂಡ ಭಾರತದ ಕೂಲಿಗಳು ಮೊದಲ ಹಡಗುಗಳಲ್ಲಿ ಗಯಾನಾಕ್ಕೆ ಹೋಗಿ ಇಳಿದರು. ಮೊದಲು ಕಬ್ಬು ಹೋಯಿತು, ಅದರ ಹಿಂದೆ ನಮ್ಮ ಜನವೂ ಹೋಯಿತು.

1974ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ನಡೆದ ಮೊಟ್ಟಮೊದಲ ಟೆಸ್ಟ್ ಪಂದ್ಯದ ವೀಕ್ಷಕವಿವರಣೆಯನ್ನು ಶಿಕ್ಷಕರ ಕೊಠಡಿಯ ರೇಡಿಯೋಕ್ಕೆ ಕಿವಿ ಹಚ್ಚಿ ಕೇಳುತ್ತಿದ್ದೆವು. ವೆಸ್ಟ್ ಇಂಡೀಸಿನ ಕಾಳೀಚರಣ್ 124 ಓಟ ಹೊಡೆದಾಗ, "ಇದೇನಿದು, ನಮ್ಮ ಹೆಸರು ಅವರ ತಂಡದಲ್ಲಿ?" ಎಂದು ಯಾರೋ ಕೇಳಿದ್ದರು. ಅವರೂ ಅವರಿಗಿಂತ ಹಿರಿಯರಾದ ರೋಹನ್ ಕನ್ಹಾಯ್ ಅವರೂ ಗಯಾನಾದ ಪೋರ್ಟ್ ಮೊರಾಂಟ್ ಎಂಬ ಕಬ್ಬಿನ ತೋಟದ ಊರಿನವರು. ಕೂಲಿಗಳಾಗಿ ಹೋದವರ ವಂಶಜರು. ಅದೇ ತೋಟದ ಹೆಸರು ಹೊತ್ತ, ಮರದಿಂದ ಮಾಡಿದ ಹಳೆಯ ಬಟ್ಟಿಪಾತ್ರೆಯೊಂದು ಇಂದಿಗೂ ಗಯಾನಾದಲ್ಲಿ ರಮ್ ಇಳಿಸುತ್ತಿದೆ ಎಂದು ಶಿಷ್ಯ ಹೇಳಿದ. ರಮ್ಮಿನ ರಸಿಕರೆಲ್ಲರೂ ಆ ಪಾತ್ರೆಯ ಹೆಸರನ್ನು ಬಲ್ಲರಂತೆ. ಆದರೆ ಅಲ್ಲಿ ಕಬ್ಬು ಕಡಿದವರ ಹೆಸರು? ಸಂಡೂರಿನ, ನಮ್ಮ ಸುತ್ತಿನ ತಾಂಡಾಗಳಿಂದ ಇಂದಿಗೂ ಹಂಗಾಮು ಬಂದೊಡನೆ ಮಕ್ಕಳುಮರಿ ಕಟ್ಟಿಕೊಂಡು ಕಬ್ಬು ಕಡಿಯಲು ಹೋಗುತ್ತಾರೆ. ಅವರ ಮಕ್ಕಳು ನನ್ನ ಹಾಜರಿ ಪುಸ್ತಕದಲ್ಲಿ ತಿಂಗಳುಗಟ್ಟಲೆ ಗೈರುಹಾಜರಿಯ ಗೆರೆಗಳಾಗಿ ಮಾತ್ರ ಉಳಿಯುತ್ತಿದ್ದರು.

ಈಗ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ಬಾರ್ಬಡೋಸಿನ ಆ ಬಾಟಲಿಯ ಮೇಲೆ ಯಾವ ದ್ವೀಪ, ಎಂಥ ಬಟ್ಟಿ, ಮೊದಲ ಪೀಪಾಯಿಯಲ್ಲಿ ಎಷ್ಟು ವರ್ಷ, ಎರಡನೆಯದರಲ್ಲಿ ಎಷ್ಟು ವರ್ಷ, ಬಾಟಲಿಗೆ ತುಂಬಿದ್ದು ಎಂದು ಎಲ್ಲವೂ ಇತ್ತು. ಜಾತಕವೇ ಇತ್ತೆನ್ನಿ. ಅದನ್ನು ಕೊಳ್ಳುವವನು ಉಳ್ಳವನು. ಅವನಿಗೆ ಮೂಲ ತಿಳಿಯುವ ಹಕ್ಕುಂಟು. ನಮ್ಮ ಕೂಲಿಕಾರ ಸಂಜೆ ಕೊಳ್ಳುವ ಅಗ್ಗದ ಪೊಟ್ಟಣದ ಮೇಲೆ ವಿಸ್ಕಿ ಎಂದು ಬರೆದಿರುತ್ತದೆ. ನಮ್ಮ ದೇಶದ ಅಗ್ಗದ ವಿಸ್ಕಿಯ ಬಹುಪಾಲು ದೀರ್ಘಕಾಲ ಕಾಕಂಬಿಯ ಮದ್ಯಸಾರವೇ ಆಗಿತ್ತು. ಈಚೆಗೆ ಧಾನ್ಯದ್ದೂ ಸೇರಿದೆ. ಕಾಕಂಬಿಯದನ್ನು ವಿಸ್ಕಿ ಎಂಬ ಹೆಸರಿನಲ್ಲಿ ಮಾರಲು ಯುರೋಪಿಯನ್ ಒಕ್ಕೂಟ ಬಿಡುವುದಿಲ್ಲ. ಇಲ್ಲಿ ಕುಡಿಯುವವನಿಗೆ ತಾನು ಕುಡಿಯುತ್ತಿರುವುದು ಏನೆಂಬುದೇ ಗೊತ್ತಿಲ್ಲ. ಅವನನ್ನು ಕೇಳುವವರೂ ಇಲ್ಲ, ಅವನಿಗೆ ಹೇಳುವವರೂ ಇಲ್ಲ. ವಾಸನೆ ಹಿಡಿದು ಛೀ ಎನ್ನುವವರು ಮಾತ್ರ ಎಲ್ಲೆಡೆ ಇದ್ದೇವೆ.

ನಿಷೇಧಿಸಿಬಿಡಿ ಎನ್ನುವಿರಾ? ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ರಾಜ್ಯದಲ್ಲಿತ್ತು. ಆ ರಾಜ್ಯದಾದ್ಯಂತ 1948ರಿಂದ ಪಾನನಿಷೇಧವಿತ್ತು. ನನ್ನ ಬಾಲ್ಯ ನಿಷೇಧದಲ್ಲಿಯೇ ಕಳೆಯಿತು, ಕಳ್ಳಬಟ್ಟಿಯ ಕಥೆಗಳನ್ನು ಕೇಳುತ್ತ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ನಾನೂ ಸಂತೋಷಪಟ್ಟೆ. ಸಾರಾಯಿಯ ಜಾಗಕ್ಕೆ ಅಗ್ಗದ ವಿಸ್ಕಿ ಬಂದು ಕುಳಿತಿತು. 2019ರ ಜನವರಿಯಲ್ಲಿ ಹಳ್ಳಿಯ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಮದ್ಯ ನಿಷೇಧಿಸಿರೆಂದು ನಡೆದರು. ಅವರ ಕಾಲಿನ ಬೊಕ್ಕೆಗಳ ಮುಂದೆ ನನ್ನ ಪಾಂಡಿತ್ಯ ಏನೂ ಅಲ್ಲ. ಇತ್ತ ರಾಜ್ಯದ ಅಬಕಾರಿ ವರಮಾನ ವರ್ಷಕ್ಕೆ 30 ಸಾವಿರ ಕೋಟಿ ರೂಪಾಯಿಗೂ ಮಿಕ್ಕಿದೆ. ಅದರ ದೊಡ್ಡ ಪಾಲನ್ನು ಕೊಡುವವನು ಪೋರ್ಟ್ ಪೀಪಾಯಿಯ ರಸಿಕನಲ್ಲ. ಆ ಹಣದಲ್ಲಿ ಒಂದು ಅಂಶವಾದರೂ ಕುಡಿತ ಬಿಡಬೇಕೆನ್ನುವವನ ಚಿಕಿತ್ಸೆಗೆ ಪ್ರತಿ ತಾಲ್ಲೂಕಿನಲ್ಲಿ ಖರ್ಚಾಗಬೇಕು. ಅವನು ಕೊಳ್ಳುವ ಪೊಟ್ಟಣದ ಮೇಲೆ ಒಳಗಿರುವುದೇನೆಂದು ಅವನು ಓದಬಲ್ಲ ಕನ್ನಡದಲ್ಲಿ ದಪ್ಪಕ್ಷರಗಳಲ್ಲಿ ಬರೆದಿರಬೇಕು. ಇಷ್ಟನ್ನು ಕೇಳುವುದು ಹೆಚ್ಚಲ್ಲ.

ಶಿಷ್ಯನೊಡನೆ ಒಂದು ವಿಷಯದಲ್ಲಿ ನನ್ನ ಒಪ್ಪಿಗೆಯಿಲ್ಲ. ರುಚಿ ನೋಡುವುದೇ ಒಂದು ಸಂಸ್ಕೃತಿ, ಬಲ್ಲವನು ಕೆಡುವುದಿಲ್ಲ ಎಂದ ಅವನು. ಬಲ್ಲವರೂ ಕೆಟ್ಟದ್ದನ್ನು ಕಂಡಿದ್ದೇನೆ. ಮದ್ಯದಲ್ಲಿ ಆರೋಗ್ಯಕ್ಕೆ ಸುರಕ್ಷಿತವಾದ ಪ್ರಮಾಣವೆಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಆದ್ದರಿಂದ, ಮೇಷ್ಟರು ಅನುಮತಿ ಕೊಟ್ಟರೆಂದು ಯಾರೂ ಈ ಬರಹವನ್ನು ಹೆಂಡತಿಗೆ ತೋರಿಸತಕ್ಕದ್ದಲ್ಲ.

ಆದರೆ ಅವನು ಕಲಿಸಿದ ಕ್ರಮವನ್ನು ಒಪ್ಪುತ್ತೇನೆ. ಮೊದಲು ಮೂಗು, ಆಮೇಲೆ ಪ್ರಶ್ನೆ: ಈ ವಾಸನೆ ಎಲ್ಲಿಯದು? ಕಬ್ಬಿನದೋ, ಮರದ್ದೋ, ಹಿಂದೆ ಇದ್ದ ದ್ರಾಕ್ಷಾರಸದ್ದೋ? ತೀರ್ಪು ಕೊನೆಗೆ. ಈ ಕ್ರಮಕ್ಕೆ ರಮ್ಮೇ ಬೇಕೆಂದಿಲ್ಲ. ಕಂಪ್ಲಿಯ ಕಡೆ ಗಾಣಗಳು ನಡೆಯುತ್ತಿದ್ದಾಗ ನಮ್ಮ ಸೋದರಮಾವ ಕೊಪ್ಪರಿಗೆಯ ಪಾಕವನ್ನು ನೀರಿಗೆ ಬಿಟ್ಟು, ಬೆರಳಲ್ಲಿ ಹಿಡಿದು ಹದ ನೋಡುತ್ತಿದ್ದರು. ಬೆಲ್ಲದ ತುಣುಕೊಂದನ್ನು ನಾಲಿಗೆಗಿಟ್ಟು ಯಾವ ಹೊಲದ ನೀರು ಸವಳೆಂದು ಹೇಳುತ್ತಿದ್ದರು. ಇಂದು ನಾವು ಅಂಗಡಿಯಲ್ಲಿ ಹಳದಿಯಾಗಿ ಹೊಳೆಯುವ ಬೆಲ್ಲವನ್ನೇ ಆರಿಸುತ್ತೇವೆ. ಆ ಹೊಳಪು ಹೈಡ್ರೋಸ್ ಎಂಬ ರಾಸಾಯನಿಕದಿಂದ ಬಂದಿರಬಹುದೆಂದು ಕೇಳುವುದಿಲ್ಲ. ಕಪ್ಪು ಬೆಲ್ಲವನ್ನು ಕೊಳಕೆಂದು ಬದಿಗೆ ಸರಿಸುತ್ತೇವೆ. ನಾನು ಆ ಹುಡುಗನನ್ನು ಸರಿಸಿದ್ದೂ ಹೀಗೆಯೇ.

ಮೂವತ್ತಾರು ವರ್ಷ ನಿಮಗೆಲ್ಲ ಉತ್ತರ ಹೇಳುವುದನ್ನು ಕಲಿಸಿದೆ. ಕುಡಿತ ಕೆಟ್ಟದ್ದೆಂದು ಪ್ರಾರ್ಥನೆಯ ವೇಳೆ ಎಷ್ಟೋ ಸಲ ಭಾಷಣ ಮಾಡಿದೆ. ಆ ಭಾಷಣಗಳನ್ನು ಹಿಂತೆಗೆದುಕೊಳ್ಳುವುದಿಲ್ಲ. ದೊಡ್ಡಪ್ಪನ ಮಗನ ಮುಖ ನೆನಪಿರುವವರೆಗೆ ಅದು ಆಗದು. ಹಿಂತೆಗೆದುಕೊಳ್ಳಬೇಕಾದದ್ದು ಒಂದೇ ವಾಕ್ಯ; ಅದನ್ನು ಕೇಳಬೇಕಾದವನು ಎಲ್ಲಿದ್ದಾನೋ ತಿಳಿಯದು.

ಬಾಟಲಿಗಳನ್ನು ಶಿಷ್ಯನ ಕೈಯಲ್ಲೇ ವಾಪಸು ಕಳಿಸಿದೆ. ಲೋಟವನ್ನು ನಾನೇ ತೊಳೆದೆ; ಎರಡು ದಿನ ಅದರ ವಾಸನೆ ಹೋಗಲಿಲ್ಲವೆಂದು ಮನೆಯಾಕೆ ದೂರಿದರು.

ಆ ಹುಡುಗನಿಗೆ ಈಗ ಅರುವತ್ತು ದಾಟಿರುತ್ತದೆ. 1978ರ ಆಸುಪಾಸಿನಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದವರು ನಿಮ್ಮಲ್ಲಿ ಕೆಲವರಾದರೂ ಇದನ್ನು ಓದುತ್ತೀರಿ. ಅಂದು ನಕ್ಕವರಿಗೆ ಅವನ ನೆನಪಿದ್ದೀತು. ಅವನ ಇರವು ಯಾರಿಗಾದರೂ ತಿಳಿದಿದ್ದರೆ ನನಗೆ ಒಂದು ಮಾತು ಹೇಳಿ ಕಳುಹಿಸಿ. ಅವನು ಬರಬೇಕಾಗಿಲ್ಲ, ನಾನೇ ಹೋಗುತ್ತೇನೆ. ಎತ್ತಿಗೆ ಎಂದು ಅರ್ಧಕ್ಕೆ ನಿಂತ ಅವನ ಮಾತನ್ನು ಪೂರ್ತಿಯಾಗಿ ಕೇಳಬೇಕಾಗಿದೆ.